ಕೆಲಗೇರಿ ದಾರಿಯಲ್ಲಿ ತೀನ್‌ತಾಲ

ನನಗೆ ಹಾಡಲು ಬರುವುದಿಲ್ಲ. ತಬಲಾ ಮುಟ್ಟಿದವನೂ ಅಲ್ಲ. ಆದರೆ ಧಾರವಾಡದಲ್ಲಿದ್ದು ಹಿಂದೂಸ್ತಾನಿ ಸಂಗೀತ ಕಿವಿಗೆ ಬೀಳದೆ ಇರೋದು ಕಷ್ಟ. ಮನಸೂರು ಪಕ್ಕದ ಊರು. ಮಲ್ಲಿಕಾರ್ಜುನ ಮನಸೂರರ ಮನೆ ‘ಮೃತ್ಯುಂಜಯ’ ಊರೊಳಗೇ ಇದೆ. ಗಂಗೂಬಾಯಿ ಹಾನಗಲ್ಲರು ಬಾಳಿದ್ದು ಹುಬ್ಬಳ್ಳಿಯಲ್ಲಿ. ಕೇಳುವುದಂತೂ ಜಾಸ್ತಿಯೇ ಕೇಳುತ್ತಿದ್ದೆ, ತಾಳ ಮಾತ್ರ ಹತ್ತುತ್ತಿರಲಿಲ್ಲ. ಕಚೇರಿಗೆ ಹೋದರೆ ಪಕ್ಕದವರು ಸಮಕ್ಕೆ, ಅಂದರೆ ತಾಳದ ಸುತ್ತಿನ ಮೊದಲ ಏಟಿಗೆ, ತಲೆ ಆಡಿಸುವುದನ್ನು ನೋಡಿ ನಾನೂ ಆಡಿಸುತ್ತಿದ್ದೆ. ಕೊನೆಗೆ ಅದನ್ನು ಕಲಿತದ್ದು ಕಾಲಿನಿಂದ.

ವಾರವಿಡೀ ಕೆಲಸ ಹುಬ್ಬಳ್ಳಿಯಲ್ಲಿ. ಎರಡೂ ಊರುಗಳ ನಡುವಿನ ಚಿಗರಿ ಬಸ್ಸಿನ ದಾರಿ ಸುಮಾರು 22 ಕಿ.ಮೀ. ಸೀಟು ಸಿಕ್ಕರೆ, ನಿಧಾನವಾಗಿ ರಾಗ ಬಿಡಿಸುತ್ತಾ ಹಾಡುವ ಒಂದು ದೊಡ್ಡ ಖಯಾಲ್ ಪೂರ್ತಿ ಕೇಳಬಹುದು. ನಾನು ತಿಂಗಳಿಗೆ ಒಂದೇ ರಾಗ ಹಿಡಿಯುತ್ತೇನೆ, ಹಾಡುವವರು ಮಾತ್ರ ಬೇರೆ ಬೇರೆ. ಬೆಳಗಿನ ರಾಗವಾದರೆ ಹೋಗುವಾಗ, ಸಂಜೆಯದಾದರೆ ಬರುವಾಗ. ಸಂಜೆಯ ರಾಗ ಮಾರ್ವಾ ಹಿಡಿದಿದ್ದಾಗ ಅದು ನನ್ನನ್ನು ಕಾಡಿದ್ದು ಅಷ್ಟಿಷ್ಟಲ್ಲ. ಅದರಲ್ಲಿ ಪಂಚಮ (ಪ) ಇಲ್ಲ, ಷಡ್ಜಕ್ಕೂ (ಸ) ಬೇಗ ಬಂದು ನಿಲ್ಲುವುದಿಲ್ಲ. ನವಲೂರು ದಾಟುವ ಹೊತ್ತಿಗೆ ಬಿಸಿಲು ಇಳಿದಿರುತ್ತಿತ್ತು, ಗಾಯಕರು ಇನ್ನೂ ರಿಷಭ (ರಿ), ಧೈವತಗಳ (ಧ) ಸುತ್ತಲೇ ಇರುತ್ತಿದ್ದರು.

ಭಾನುವಾರ ಕೆಲಗೇರಿ ಕೆರೆಗೋ ಶಾಲ್ಮಲೆ ಹುಟ್ಟುವ ಸೋಮೇಶ್ವರಕ್ಕೋ ನಡಿಗೆ. ನುಗ್ಗಿಕೇರಿ ಹನುಮಪ್ಪನ ಕಡೆಗೂ ಹೋಗುತ್ತೇನೆ, ಶನಿವಾರ ಮಾತ್ರ ಬೇಡ, ಅವತ್ತು ಜನವೋ ಜನ. ನಡೆಯುವಾಗ ಇಯರ್‌ಫೋನ್ ಇಲ್ಲ. ಗೋವಾ ರಸ್ತೆಯಲ್ಲಿ ಹಿಂದಿನಿಂದ ಬರುವ ಲಾರಿ ಕೇಳಿಸಬೇಕಲ್ವಾ! ಕೆರೆ ದಂಡೆಯಲ್ಲಿ ಸ್ಪೀಕರ್ ಹಚ್ಚಿ ಕೂರುವವರ ಬಗ್ಗೆ ಸುಮ್ನೆ ಏನೂ ಹೇಳದಿರುವುದೇ ಒಳ್ಳೆಯದು.

ನಡೆಯುವಾಗ ಬಾಯಲ್ಲಿ ಠೇಕಾ, ಅಂದರೆ ತಾಳದ ತಬಲಾ ನುಡಿಗಳನ್ನು, ಹೇಳಿಕೊಳ್ಳುತ್ತೇನೆ. ಒಂದು ಹೆಜ್ಜೆಗೆ ಒಂದು ಮಾತ್ರೆ, ಅಂದರೆ ತಾಳದ ಒಂದು ಎಣಿಕೆ. ಶುರು ಮಾಡಿದ್ದು ತೀನ್‌ತಾಲದಿಂದ, ಹದಿನಾರು ಮಾತ್ರೆ: ಧಾ ಧಿಂ ಧಿಂ ಧಾ, ಧಾ ಧಿಂ ಧಿಂ ಧಾ, ಧಾ ತಿಂ ತಿಂ ತಾ, ತಾ ಧಿಂ ಧಿಂ ಧಾ. ಬಲಗಾಲಲ್ಲಿ ಸಮ ಹಿಡಿದರೆ ಒಂಬತ್ತನೆಯ ಮಾತ್ರೆ, ಅಂದರೆ ಖಾಲಿ (ತಾಳ ಹಾಕುವಾಗ ಚಪ್ಪಾಳೆಯ ಬದಲು ಕೈ ಬೀಸುವ ಜಾಗ), ಅದೂ ಬಲಗಾಲಿಗೇ ಬರುತ್ತದೆ. ಆಮೇಲೆ ರೆಕಾರ್ಡಿಂಗ್ ಕೇಳುವಾಗ ಡಗ್ಗಾದ, ಅಂದರೆ ತಬಲಾ ಜೋಡಿಯಲ್ಲಿ ಎಡಗೈಯಿಂದ ಬಾರಿಸುವ ವಾದ್ಯದ, ಗುಮುಕು ಎಲ್ಲಿ ನಿಲ್ಲುತ್ತದೆ ಅಂತ ಕಾಯಲು ಶುರು ಮಾಡಿದೆ. ಆ ‘ತಿಂ ತಿಂ’ ಸಿಕ್ಕಿದರೆ ಸಾಕು, ಸಮ ಎಷ್ಟು ದೂರ ಇದೆ ಅಂತ ಕಾಲಿಗೇ ಗೊತ್ತಾಗುತ್ತದೆ.

ಝಪ್‌ತಾಲಕ್ಕೆ ಬಂದಾಗ ಆಟ ಬದಲಾಯಿತು. ಹತ್ತು ಮಾತ್ರೆ, ಎರಡು-ಮೂರು-ಎರಡು-ಮೂರು. ಸಮ ಬಲಗಾಲಿಗೆ, ಆರನೆಯ ಮಾತ್ರೆಯ ಖಾಲಿ ಎಡಗಾಲಿಗೆ. ರೂಪಕ್ ಇನ್ನೂ ಮಜಾ. ಏಳೇ ಮಾತ್ರೆ, ಹಾಗಾಗಿ ಸಮ ಒಂದು ಸುತ್ತಿಗೆ ಬಲಗಾಲು, ಮುಂದಿನ ಸುತ್ತಿಗೆ ಎಡಗಾಲು. ಅದೂ ‘ತಿಂ’ ಎಂದು ಖಾಲಿಯಿಂದಲೇ ಶುರುವಾಗುವ ತಾಳ. ಎದುರಿಗೆ ಪರಿಚಯದವರು ಬಂದು ‘ಚಹಾ ಆತೇನ್ರಿ?’ ಅಂದರೆ ಮುಗಿಯಿತು, ಮತ್ತೆ ಮೊದಲಿಂದ.

ವಿಲಂಬಿತ್ ಏಕತಾಲಕ್ಕೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಮಾತ್ರೆಗಳು ಹನ್ನೆರಡೇ ಆದರೂ ಒಂದೊಂದನ್ನೂ ಎಳೆದೆಳೆದು ಬಾರಿಸುತ್ತಾರೆ. ಒಂದು ಸುತ್ತು ಮುಗಿಯಲು ಕೆಲವೊಮ್ಮೆ ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಅದಕ್ಕೆ ಬಸ್ಸೇ ಸರಿ. ಅಲ್ಲಿ ಒಂದು ಮಾತ್ರೆಯನ್ನು ನಾಲ್ಕು ಪಾಲು ಮಾಡಿ ಬೆರಳಲ್ಲಿ ಎಣಿಸುತ್ತೇನೆ. ದಿಬ್ಬ ಹತ್ತುವಾಗಲೂ ಯಾವ ತಾಳವೂ ಬೇಡ, ಉಸಿರು ಒಂದು ಲಯ ಹಿಡಿದರೆ ಕಾಲು ಇನ್ನೊಂದು ಹಿಡಿಯುತ್ತದೆ.

ಮಗಳಿಗೆ ಖಯಾಲ್ ಅಂದರೆ ಆಗುವುದಿಲ್ಲ. ಅವಳದ್ದು ಸಿನಿಮಾ ಹಾಡು. ಪರವಾಗಿಲ್ಲ, ಅಲ್ಲಿ ಕೆಹರ್ವಾ (ಎಂಟು ಮಾತ್ರೆ), ದಾದ್ರಾ ತಾಳಗಳು ಧಾರಾಳವಾಗಿ ಸಿಗುತ್ತವೆ. ದಾದ್ರಾದ ಆರು ಮಾತ್ರೆಯನ್ನು ಅವಳು ಒಂದೇ ಬೆಳಿಗ್ಗೆ ಹಿಡಿದಳು: ಧಾ ಧೀ ನಾ, ಧಾ ತೀ ನಾ. ನಾಲ್ಕನೆಯದು ಎಡಗಾಲಿಗೆ ಬರುತ್ತೆ ಅಂತ ಅವಳೇ ಕಂಡುಕೊಂಡು ನನಗೆ ಹೇಳಿದಳು. ಈಗ ಹೊಸ ಹಾಡು ಯಾವುದು ಬಂದರೂ ಅಂಗಳದಲ್ಲಿ ಒಂದು ಸುತ್ತು ನಡೆದು ನೋಡಿ, ‘ಇದು ಎಂಟರದ್ದು, ಆರರದ್ದಲ್ಲ’ ಅನ್ನುತ್ತಾಳೆ.