ಗಿರಾಕಿಯ ಮನೆಯಿಂದ ಮಳಿಗೆಯವರೆಗೆ: ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಯನ್ನು ರೂಪಿಸುವ ಬಗೆ

ವಿಜಯಪುರದಂಥ ಊರಿನಲ್ಲಿ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆ ತೆರೆಯಲು ಹೊರಟವರು ಸಾಮಾನ್ಯವಾಗಿ ಹೆಸರು, ಬಣ್ಣ, ಬೋರ್ಡುಗಳ ವಿಚಾರಕ್ಕೆ ಮೊದಲು ಕೈಹಾಕುತ್ತಾರೆ. ಆ ಕೆಲಸ ಕೊನೆಗೆ ಬರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಫ್ರಿಜ್, ಟಿವಿ, ವಾಷಿಂಗ್ ಮಷಿನ್‌ಗಳು ಎಲ್ಲ ಅಂಗಡಿಗಳಲ್ಲೂ ಅವೇ ಕಂಪನಿಗಳವು. ಬೆಲೆಯನ್ನು ಗಿರಾಕಿಗಳು ಮೊಬೈಲಿನಲ್ಲಿ ನೋಡಿಕೊಂಡೇ ಬಂದಿರುತ್ತಾರೆ. ಹೀಗಿರುವಾಗ, ಕೊಂಡ ವಸ್ತು ಅವರ ಮನೆಯ ನೀರಿಗೆ, ಕರೆಂಟಿಗೆ, ಜಾಗಕ್ಕೆ ಹೊಂದಿಕೊಂಡು ನಡೆದಾಗಲೇ ಮಳಿಗೆಗೆ ತನ್ನದೆನ್ನುವ ಹೆಸರು ಬರುತ್ತದೆ. ಆದ್ದರಿಂದ ಯೋಜನೆಯನ್ನು ಗಿರಾಕಿಯ ಮನೆಯಿಂದ ಆರಂಭಿಸಿ, ಮಳಿಗೆಯ ಬಾಗಿಲಿನ ಕಡೆಗೆ ಬರೆಯುತ್ತ ಬರಬೇಕು.

ಮೊದಲು ಮನೆಗಳನ್ನು ನೋಡಿ ಬನ್ನಿ

ಊರಿನ ಹಳೆಯ ಓಣಿಗಳಲ್ಲಿ ಕೆಲವು, ಹೊಸ ಬಡಾವಣೆಗಳಲ್ಲಿ ಕೆಲವು, ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಕೆಲವು, ಹೀಗೆ ಒಟ್ಟು 25 ಮನೆಗಳನ್ನಾದರೂ ಮನೆಯವರ ಒಪ್ಪಿಗೆ ಪಡೆದು ನೋಡಬೇಕು. ಕೈಯಲ್ಲಿ ಅಳತೆಯ ಟೇಪು, ವೋಲ್ಟೇಜ್ ನೋಡುವ ಮೀಟರು, ನೀರಿನ ಗಡಸುತನ ಪರೀಕ್ಷಿಸುವ ಪಟ್ಟಿ ಇರಲಿ. ಬಾಗಿಲಿನ ಅಗಲವೆಷ್ಟು, ಮೆಟ್ಟಿಲಿನ ತಿರುವಿನಲ್ಲಿ ಡಬಲ್ ಡೋರ್ ಫ್ರಿಜ್ ತಿರುಗುತ್ತದೆಯೇ, ಅರ್ಥಿಂಗ್ ಇದೆಯೇ, ಸಂಜೆಯ ಹೊತ್ತು 230 ವೋಲ್ಟ್ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನೆಲ್ಲ ಬರೆದುಕೊಳ್ಳಬೇಕು.

ನೀರಿನ ವಿಷಯದಲ್ಲಿ ಅವಸರ ಮಾಡಬಾರದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದಾಗ 600ರವರೆಗೆ ನಡೆಯುತ್ತದೆ. ನಮ್ಮ ಭಾಗದ ಬೋರ್‌ವೆಲ್‌ಗಳಲ್ಲಿ ಸವಳು ನೀರಿನ ತಾಪತ್ರಯ ಎಲ್ಲರಿಗೂ ಗೊತ್ತಿರುವುದೇ. ಅಂಥ ನೀರಿನಲ್ಲಿ ಸೋಪು ನೊರೆಯಾಗುವುದಿಲ್ಲ, ಕಾಯಿಸಿದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಗೀಜರಿನ ಮತ್ತು ವಾಷಿಂಗ್ ಮಷಿನ್ನಿನ ಹೀಟರಿನ ಮೇಲೆ ಬಿಳಿ ಪದರವಾಗಿ ಕೂಡುತ್ತವೆ. ಅನೇಕ ಅಂಗಡಿಗಳಲ್ಲಿ ಟಿಡಿಎಸ್ ಮೀಟರನ್ನು ಲೋಟದಲ್ಲಿ ಅದ್ದಿ ತೋರಿಸಿ ಮಾತು ಮುಗಿಸುತ್ತಾರೆ. ಆ ಮೀಟರು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಅಂದಾಜನ್ನು ಕೊಡುತ್ತದೆಯೇ ಹೊರತು ಗಡಸುತನವನ್ನೇ ಬೇರೆಯಾಗಿ ಹೇಳುವುದಿಲ್ಲ. ನೀರಿನ ಒತ್ತಡವೂ ಅಷ್ಟೇ ಮುಖ್ಯ. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 1 ಬಾರ್. ಒಂದೇ ಅಂತಸ್ತಿನ ಮನೆಯಲ್ಲಿ ಆ ಎತ್ತರ 3 ಮೀಟರನ್ನೂ ದಾಟದಿರುವುದರಿಂದ 0.3 ಬಾರ್ ಸಿಕ್ಕರೆ ಹೆಚ್ಚು. ಇದಕ್ಕಿಂತ ಹೆಚ್ಚಿನ ಒತ್ತಡ ಬೇಡುವ ಫ್ರಂಟ್ ಲೋಡ್ ಯಂತ್ರವನ್ನು ಅಂಥ ಮನೆಗೆ ಮಾರಿದರೆ, ನೀರು ತುಂಬದೆ ಅದು ದಿನವೂ ದೋಷದ ಸಂಕೇತ ತೋರಿಸುತ್ತ ಕೂಡುತ್ತದೆ, ಬೈಗುಳವೆಲ್ಲ ಮಳಿಗೆಗೆ ಬರುತ್ತದೆ.

ಎಸಿಯ ವಿಷಯದಲ್ಲೂ ಇದೇ ಬಗೆಯ ಲೆಕ್ಕ ಬೇಕು. ಅದರ ಮೇಲಿನ ಸ್ಟಾರ್ ಪಟ್ಟಿಯಲ್ಲಿ ನಮೂದಾಗಿರುವ ವಾರ್ಷಿಕ ಯೂನಿಟ್ಟುಗಳು ವರ್ಷಕ್ಕೆ 1,600 ಗಂಟೆಗಳ ಬಳಕೆಯನ್ನು ಆಧರಿಸಿದವು. ದಿನಕ್ಕೆ 8 ಗಂಟೆ ಹಿಡಿದರೆ ಅದು 200 ದಿನವಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ, ಬಿಸಿಲಿಗೆ ಕಾದ ತಾರಸಿಯ ಕೆಳಗಿನ ಕೋಣೆಗೆ ಎಷ್ಟು ಟನ್ ಬೇಕು, ಹೆಸ್ಕಾಂ ಬಿಲ್ ಎಷ್ಟು ಏರಬಹುದು ಎಂಬುದನ್ನು ಮಾರುವ ಮೊದಲೇ ಕಾಗದದ ಮೇಲೆ ತೋರಿಸಬೇಕು.

ಈ ಓಡಾಟದಿಂದ ತಿಳಿದುದನ್ನೆಲ್ಲ ಸೋಸಿ, ಅರ್ಧ ಪುಟದ ‘ಮನೆ ಚೀಟಿ’ಯೊಂದನ್ನು ಸಿದ್ಧಪಡಿಸಿ. ನೀರು ಎಲ್ಲಿಯದು, ಟ್ಯಾಂಕು ಎಷ್ಟು ಎತ್ತರದಲ್ಲಿದೆ, ಮನೆಯಲ್ಲಿ ಎಷ್ಟು ಜನ, ಬಾಗಿಲು ಎಷ್ಟು ಅಗಲ, ಕರೆಂಟು ಹೇಗಿರುತ್ತದೆ, ಯಂತ್ರವನ್ನು ದಿನವೂ ನಡೆಸುವವರು ಯಾರು ಎಂಬ ಆರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳದೆ ದೊಡ್ಡ ವಸ್ತುವಿನ ಬಿಲ್ ಮಾಡಬಾರದು. ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ದುಡ್ಡು ಕೊಡುವವರ ಮುಖ ನೋಡಿ ಮಾತಾಡಿ, ಬಟ್ಟೆ ಒಗೆಯುವವರನ್ನು ಪಕ್ಕದಲ್ಲೇ ನಿಲ್ಲಿಸುವ ಮಾರಾಟವನ್ನು ನಾನು ಬಹಳ ಕಡೆ ಕಂಡಿದ್ದೇನೆ, ಅದು ನೋವಿನ ಸಂಗತಿ.

ಬಡಗಿಯನ್ನು ಕರೆಯುವ ಮುನ್ನ ಸುಣ್ಣದ ಗೆರೆ

ಖಾಲಿ ಹಾಲಿನ ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು ವಿಭಾಗಗಳನ್ನು ಗುರುತಿಸಿ, ಅದರೊಳಗೆ ಅಜ್ಜಿ, ಮಕ್ಕಳು ಸೇರಿದ ಕುಟುಂಬವೊಂದನ್ನು ನಡೆಸಿ ನೋಡಿ. ನಮ್ಮಲ್ಲಿ ಫ್ರಿಜ್ ಕೊಳ್ಳಲು ಐದಾರು ಜನ ಕೂಡಿಯೇ ಬರುತ್ತಾರೆ. ಆರು ಅಡಿಗಿಂತ ಕಿರಿದಾದ ದಾರಿಯಲ್ಲಿ ಹಿಂದಿನವರಿಗೆ ದಾರಿ ಬಿಡುವ ಗಡಿಬಿಡಿಯಲ್ಲೇ ನೋಡುವ ಮನಸ್ಸು ಹೋಗಿಬಿಡುತ್ತದೆ. ಬಿಸಿಲಿನಿಂದ ಒಳಗೆ ಬಂದವರ ಕಣ್ಣು ಹೊಂದಿಕೊಳ್ಳಲು ಕೆಲವು ಕ್ಷಣ ಬೇಕಾಗುವುದರಿಂದ ಬಾಗಿಲಿನ ಒಳಗಿನ ಹತ್ತಡಿಯಲ್ಲಿ ಮಾಲು ಇಡದೆ ತಂಪು ನೀರು, ಕೂಡಲು ಬೆಂಚು ಇಡುವುದು ಲೇಸು. ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ ಇರಲೇಬೇಕು, ಅದರ ದಾರಿ ಕನ್ನಡದಲ್ಲಿ ಕಾಣುವಂತೆ ಬರೆದಿರಬೇಕು.

ಟೈಲ್ಸ್, ಗಾಜುಗಳ ಹಾಲಿನಲ್ಲಿ ಇಪ್ಪತ್ತು ಟಿವಿಗಳು ಒಟ್ಟಿಗೆ ಕೂಗಿದರೆ ಮಾತೇ ಕೇಳಿಸುವುದಿಲ್ಲ. ಗೋಲಗುಂಬಜಿನ ಪ್ರತಿಧ್ವನಿಯನ್ನು ಕೇಳಲು ಜನ ದೂರದಿಂದ ಬರುತ್ತಾರೆ, ಆದರೆ ಬೆಲೆ ಕೇಳುವ ಜಾಗದಲ್ಲಿ ಅದು ಬೇಡ. ಒಂದೇ ಟಿವಿಗೆ ಧ್ವನಿ ಕೊಟ್ಟು, ಛಾವಣಿಗೆ ಸದ್ದು ಹೀರುವ ಹಲಗೆ ಹಾಕಿಸಬೇಕು. ಟಿವಿಗಳು ಅಂಗಡಿಗಾಗಿಯೇ ಇರುವ ಅತಿ ಬೆಳಕಿನ ಮೋಡ್‌ನಲ್ಲಿ ಹೊಳೆಯುತ್ತಿರುತ್ತವೆ. ಮನೆಯ ಪಡಸಾಲೆಯಷ್ಟೇ ಬೆಳಕಿರುವ ಒಂದು ಕೋಣೆ ಮಾಡಿ, 55 ಇಂಚಿನ ಟಿವಿಯನ್ನು ಸುಮಾರು ಏಳಡಿ ದೂರದಿಂದ, ಮನೆಯ ಮೋಡ್‌ನಲ್ಲಿ ತೋರಿಸಿದರೆ ಗಿರಾಕಿಗೆ ನಿಜವಾದ ಚಿತ್ರ ತಿಳಿಯುತ್ತದೆ.

ಮನೆಗಿರಣಿಯ ವಿಭಾಗಕ್ಕೆ ನಾನು ವಿಶೇಷ ಒತ್ತು ಕೊಡುತ್ತೇನೆ. ಕೊಳ್ಳಲು ಬರುವ ತಾಯಂದಿರು ಒಂದು ಕಿಲೋ ಜೋಳವನ್ನು ಮನೆಯಿಂದಲೇ ತಂದು, ಅಲ್ಲೇ ಬೀಸಿ, ಹಿಟ್ಟನ್ನು ಬೆರಳ ಸಂದಿಯಲ್ಲಿ ತಿಕ್ಕಿ ನೋಡಿ, ಬಿಸಿನೀರು ಹಾಕಿ ನಾದಿ, ರೊಟ್ಟಿ ಬಡಿಯಲು ಬೇಕಾದ ಜಿಗಿ ಬರುತ್ತದೆಯೇ ಎಂದು ಪರೀಕ್ಷಿಸುವ ಅವಕಾಶ ಇರಲಿ. ಮಿಕ್ಸರಿನ ಪಕ್ಕದಲ್ಲಿ ಹುರಿದ ಶೇಂಗಾ ಇಡಿ. ಇಂಥ ಪರೀಕ್ಷೆಯ ಅನುಭವವನ್ನು ಆನ್‌ಲೈನ್ ಅಂಗಡಿ ಕೊಡಲಾರದು.

ಮಾತು, ಬೆಲೆ, ಕಂತು

ಕಂಪನಿಗಳೇ ಸಂಬಳ ಕೊಟ್ಟು ನಿಲ್ಲಿಸುವ ಪ್ರಚಾರಕರು ತಮ್ಮ ಕಂಪನಿಯ ಮಾಲನ್ನೇ ಹೊಗಳುತ್ತಾರೆ; ಅವರು ಯಾರ ಕಡೆಯವರೆಂಬುದು ಅಂಗಿಯಿಂದಲೇ ತಿಳಿಯುವಂತಿರಬೇಕು. ಮಳಿಗೆಯ ಸ್ವಂತ ನೌಕರರಿಗೆ ಕೊಡುವ ಪ್ರೋತ್ಸಾಹಧನವನ್ನು ಮಾರಿದ ದಿನವೇ ಪೂರ್ತಿ ಕೊಡದೆ, ಒಂದು ಪಾಲನ್ನು ಮೂರು ತಿಂಗಳು ದೂರಿಲ್ಲದೆ ನಡೆದ ಮೇಲೆ ಕೊಡುವುದು ಒಳ್ಳೆಯದು. ಸ್ವಾಗತಕ್ಕೆ ಕಲಿಸಿದ ಇಂಗ್ಲಿಷ್ ವಾಕ್ಯ ಬೇಕಿಲ್ಲ. ‘ಬರ್ರೀ ಅಕ್ಕಾರ, ಮೊದಲ ಕುಂದರ್ರೀ, ನೀರ ಕುಡೀರಿ’ ಎಂದರೆ ಸಾಕು. ಕಂತಿನ ಚೀಟಿಯಲ್ಲಿ ತಿಂಗಳ ಮೊತ್ತದ ಕೆಳಗೆ, ಎಲ್ಲ ಶುಲ್ಕ ಸೇರಿ ಕೊನೆಗೆ ಕಟ್ಟುವ ಒಟ್ಟು ಹಣವನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ಕೆಟ್ಟ ದಿನದ ಕೌಂಟರ್

ದುರಸ್ತಿಯ ಕೌಂಟರನ್ನು ಮೇಲಂತಸ್ತಿನ ಮೂಲೆಗೆ ತಳ್ಳುವುದು ರೂಢಿ. ಅದನ್ನು ಮುಂಬಾಗಿಲ ಪಕ್ಕದಲ್ಲೇ ಇಡಿ. ಹೊಸದಾಗಿ ಕೊಳ್ಳಲು ಬಂದವರು ದೂರು ಹೇಗೆ ಬಗೆಹರಿಯುತ್ತದೆಂಬುದನ್ನು ಕಣ್ಣಾರೆ ನೋಡಲಿ. ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಫಲಕವನ್ನಂತೂ ಹಾಕಲೇಬಾರದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಹಾಗೆಯೇ.

ಹೆಸರು, ಬೋರ್ಡುಗಳ ಕೆಲಸ ಇನ್ನು ಸುಲಭ. ಗುಂಬಜಿನ ಚಿತ್ರವನ್ನು ಲಾಂಛನಕ್ಕೆ ಬಳಸಬೇಡಿ. ಊರಿನಲ್ಲಿ ಅದು ಎಲ್ಲೆಲ್ಲೂ ಇರುವುದರಿಂದ ನಿಮ್ಮ ಗುರುತು ಉಳಿಯುವುದಿಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು. ಚಿಲ್ಲರೆ ಮಾರಾಟ ಸೇವೆಯ ಟ್ರೇಡ್‌ಮಾರ್ಕನ್ನು 35ನೇ ವರ್ಗದಲ್ಲಿ ನೋಂದಾಯಿಸಿದರೆ ಅದು 10 ವರ್ಷ ಇರುತ್ತದೆ, ಮತ್ತೆ ನವೀಕರಿಸಬಹುದು.

ಉದ್ಘಾಟನೆಗೆ ಒಂದು ವಾರ ಮೊದಲು ತಾಲೀಮು ನಡೆಸಿ. ಪರಿಚಯದ ಹತ್ತು ಕುಟುಂಬಗಳನ್ನು ಕರೆದು, ಒಂದು ಕುಟುಂಬದ ಕೈಗೆ ಕೆಟ್ಟ ಮಿಕ್ಸರ್ ಕೊಟ್ಟು ಮುಂಬಾಗಿಲಿನಿಂದ ಕಳಿಸಿ. ಅವರು ಎಷ್ಟು ಜನರ ಬಳಿ ಅದೇ ಮಾತನ್ನು ಮತ್ತೆ ಮತ್ತೆ ಹೇಳಬೇಕಾಯಿತು ಎಂದು ಎಣಿಸಿ. ಆ ಎಣಿಕೆ ಒಂದಕ್ಕೆ ಇಳಿಯುವವರೆಗೆ ಉದ್ಘಾಟನೆಯ ಆಮಂತ್ರಣ ಪತ್ರಿಕೆಯನ್ನು ಮುದ್ರಣಕ್ಕೆ ಕೊಡಬೇಡಿ.