ಕನ್ನಡಕ ತೆಗೆಸೋಕೆ ಹೊರಟಿದ್ದೀರಾ? ಮೊದಲು ಲೆನ್ಸ್ ತೆಗೆದಿಡಿ

ನಾನು ಲೇಸರ್ ಮಾಡ್ಸಿ ಕನ್ನಡಕ ಬಿಟ್ಟ ಮೇಲೆ ಮನೇಲಾಗಲಿ ಆಫೀಸಲ್ಲಾಗಲಿ ಯಾರು ಮಾಡ್ಸೋಕೆ ಹೊರಟ್ರೂ ಜೊತೆಗೆ ನನ್ನನ್ನೇ ಎಳ್ಕೊಂಡು ಹೋಗ್ತಾರೆ. ಇಲ್ಲೀವರೆಗೆ ಐದು ಜನಕ್ಕೆ ಕಾವಲು ಕೂತಿದ್ದೀನಿ. ಐದೂ ಜನಕ್ಕೆ ಭಯ ಇದ್ದಿದ್ದು ಆ ಮಷೀನ್ ಕೆಳಗೆ ಮಲಗೋ ಹತ್ತು ಹದಿನೈದು ನಿಮಿಷದ್ದೇ. ಅಲ್ಲಿ ನಾವು ಮಾಡೋಕೆ ಏನೂ ಇರಲ್ಲ, ಸುಮ್ನೆ ಮಲಗಿ ಲೈಟ್ ನೋಡಿದ್ರೆ ಆಯ್ತು. ಎಡವಟ್ಟಾಗೋದೆಲ್ಲ ಅದಕ್ಕಿಂತ ಹಿಂದಿನ ಎರಡು ಮೂರು ವಾರದಲ್ಲಿ, ಇಲ್ಲ ಮನೆಗೆ ಬಂದ ಮೊದಲ್ನೇ ವಾರದಲ್ಲಿ, ಅಂದ್ರೆ ಕಣ್ಣು ಡಾಕ್ಟ್ರ ಕೈಲಲ್ಲ ನಮ್ಮ ಕೈಲಿ ಇರೋವಾಗ.

ಹೆಜ್ಜೆ 1: ನಿಮಗೆ ಆಗತ್ತಾ?

18 ತುಂಬಿರ್ಬೇಕು. ಹಿಂದಿನ ಒಂದು ವರ್ಷದಲ್ಲಿ ಪವರ್ 0.5ಕ್ಕಿಂತ ಜಾಸ್ತಿ ಏರುಪೇರಾಗಿರ್ಬಾರ್ದು, ಹಾಗಾಗಿ ಹಳೇ ಕನ್ನಡಕದ ಚೀಟಿ ಹುಡುಕಿ ಇಟ್ಕೊಳ್ಳಿ. ಬಸುರಿಯರು, ಹಾಲುಣಿಸೋ ತಾಯಂದಿರು ಕಾಯ್ಬೇಕು, ಯಾಕಂದ್ರೆ ಆ ಸಮಯದಲ್ಲಿ ಪವರ್ರೇ ಒಂದು ಕಡೆ ನಿಂತಿರಲ್ಲ. ಲೂಪಸ್, ರುಮಟಾಯ್ಡ್ ಥರದ ಕಾಯಿಲೆ ಇದ್ರೆ, ಮೊಡವೆಗೆ ಅಂತ ಐಸೊಟ್ರೆಟಿನಾಯಿನ್ ಮಾತ್ರೆ ತಗೋತಿದ್ರೆ ಮುಚ್ಚಿಡದೆ ಹೇಳಿ.

ನಲವತ್ತು ದಾಟಿದವರಿಗೆ ಒಂದು ಮಾತು. ಲೇಸರ್ ಕೆಲಸ ಮಾಡೋದು ಕಾರ್ನಿಯಾ ಮೇಲೆ, ಅಂದ್ರೆ ಕರಿಗುಡ್ಡೆ ಮುಂದೆ ಗಡಿಯಾರದ ಗಾಜಿನ ಥರ ಕೂತಿರೋ ಪಾರದರ್ಶಕ ಪದರದ ಮೇಲೆ. ಚಾಳೀಸು ಬರೋದು ಕಣ್ಣೊಳಗಿನ ಲೆನ್ಸ್ ಗಟ್ಟಿಯಾಗಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೈನಸ್ ಎರಡು ಇರೋರು ಕನ್ನಡಕ ತೆಗೆದು ಆರಾಮಾಗಿ ಪೇಪರ್ ಓದ್ತಿರ್ತಾರೆ, ಲೇಸರ್ ಆದ್ಮೇಲೆ ದೂರದ ಬೋರ್ಡೆಲ್ಲ ಫಳಫಳ ಕಾಣತ್ತೆ, ಕೈಲಿರೋ ಪೇಪರ್ ಮಂಜು! ನಮ್ಮ ಆಫೀಸಿನ ಹಿರಿಯರೊಬ್ಬರಿಗೆ ಹಿಂಗೇ ಆಗಿ ಇವತ್ತಿಗೂ ನನ್ನ ಮೇಲೆ ಸಿಟ್ಟು.

ಹೆಜ್ಜೆ 2: ಲೆನ್ಸ್ ಬಿಡೋದು (ಎಲ್ರೂ ಕೆಡಿಸ್ಕೊಳ್ಳೋದು ಇಲ್ಲೇ)

ಕಾಂಟ್ಯಾಕ್ಟ್ ಲೆನ್ಸ್ ಹಾಕೋರು ಟೆಸ್ಟಿಗೆ ಹೋಗೋ ಮುಂಚೆ ಅದನ್ನ ಬಿಡ್ಬೇಕು. ಆಪರೇಷನ್ನಿಗೆ ಮುಂಚೆ ಅಲ್ಲ, ಟೆಸ್ಟಿಗೆ ಮುಂಚೆ. ಸಾಮಾನ್ಯ ಸಾಫ್ಟ್ ಲೆನ್ಸ್ ಆದ್ರೆ ಎರಡು ವಾರ, ಸಿಲಿಂಡರ್ ಪವರಿನ (ಕಾರ್ನಿಯಾದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಿದ್ರೆ ಬರೋ ಪವರ್) ಟೋರಿಕ್ ಅಥ್ವಾ ಗಾಳಿಯಾಡೋ ಗಟ್ಟಿ ಆರ್‌ಜಿಪಿ ಆದ್ರೆ ಮೂರು ವಾರ, ಹಳೇ ಕಾಲದ ಹಾರ್ಡ್ ಲೆನ್ಸ್ ಆದ್ರೆ ನಾಲ್ಕು ವಾರ. ಡಾಕ್ಟ್ರು ಇದಕ್ಕಿಂತ ಜಾಸ್ತಿ ಹೇಳಿದ್ರೆ ಅಷ್ಟು. ಕಡಿಮೆ ಹೇಳಿದ್ರೆ ನಾನಾಗಿದ್ರೆ ಬೇರೆ ಕಡೆ ಹೋಗ್ತೀನಿ.

ಯಾಕೆ ಅಂತ ಕೇಳಿ. ದಿನಾ ಗಂಟೆಗಟ್ಲೆ ಕಣ್ಣ ಮೇಲೆ ಅಂಟ್ಕೊಂಡಿರೋ ಲೆನ್ಸು ಕಾರ್ನಿಯಾನ ತನ್ನ ಆಕಾರಕ್ಕೆ ಒಂಚೂರು ಒತ್ತಿಬಿಟ್ಟಿರತ್ತೆ, ಕಾಲುಚೀಲ ಬಿಚ್ಚಿದ್ಮೇಲೂ ಎಲಾಸ್ಟಿಕ್ ಗುರುತು ಕಾಲ ಮೇಲೆ ಉಳಿಯತ್ತಲ್ಲ ಹಾಗೆ, ಆದ್ರೆ ಕಾಲಿನ ಗುರುತು ಅರ್ಧ ಗಂಟೇಲಿ ಹೋಗತ್ತೆ ಕಾರ್ನಿಯಾದ್ದು ವಾರಗಟ್ಲೆ ತಗೊಳ್ಳತ್ತೆ. ಆ ಒತ್ತಿದ ಆಕಾರವನ್ನೇ ಅಳತೆ ತಗೊಂಡು ಲೇಸರ್ ಕೊಟ್ರೆ, ಮಷೀನು ಇಲ್ಲದಿರೋ ಪವರನ್ನ ಕರೆಕ್ಟಾಗಿ ಕೆತ್ತಿ ಕೊಡತ್ತೆ. ಮಷೀನಿಂದೇನೂ ತಪ್ಪಿಲ್ಲ.

ನನ್ನ ತಮ್ಮನ ಕಥೆ ಹೇಳ್ಬೇಕು. ಎರಡು ವಾರ ಆಯ್ತಕ್ಕಾ ಲೆನ್ಸ್ ಮುಟ್ಟಿಲ್ಲ ಅಂತ ಆಣೆ ಮಾಡಿ ಬಂದ. ಅಳತೆ ತಗೊಂಡ್ರು, ಬಲಗಣ್ಣಿಗೆ ಸಿಲಿಂಡರ್ 1.75 ಬಂತು, ಕಾರ್ನಿಯಾದ ಬಣ್ಣದ ನಕ್ಷೆ ನೋಡಿ ಡಾಕ್ಟ್ರು ಹುಬ್ಬು ಗಂಟಿಕ್ಕಿದ್ರು, ಅವನ ಹಳೇ ಕನ್ನಡಕದಲ್ಲಿ ಒಂದೇ ಇತ್ತು. "ಕೊನೇ ಸಲ ಯಾವಾಗ ಹಾಕಿದ್ದು?" ಅಂದ್ರು. ಇವನು ನನ್ನ ಕಡೆ ನೋಡ್ದೆ ನೆಲ ನೋಡ್ತಾ, "ಮೊನ್ನೆ ಸಾರ್, ಫ್ರೆಂಡ್ ಮದುವೆ ಇತ್ತು, ಬರೀ ಫೋಟೋ ತೆಗೆಸ್ಕೊಳ್ಳೋವಷ್ಟು ಹೊತ್ತು" ಅಂದ. ಆ ಫೋಟೋ ಹೊತ್ತು ಅಂದ್ರೆ ಬೆಳಗ್ಗೆಯಿಂದ ರಾತ್ರಿವರೆಗೆ ಅಂತ ಆಮೇಲೆ ಗೊತ್ತಾಯ್ತು. ವಾಪಸ್ ಕಳ್ಸಿದ್ರು. ಮೂರು ವಾರ ಬರೀ ಕನ್ನಡಕದಲ್ಲಿದ್ದು ಹೋದಾಗ ಸಿಲಿಂಡರ್ ಒಂದಕ್ಕೆ ಬಂದು ಕೂತಿತ್ತು. ಹಾಗಾಗಿ ಮಧ್ಯೆ ಒಂದು ದಿನ ಹಾಕಿದ್ರೂ ಲೆಕ್ಕ ಮತ್ತೆ ಸೊನ್ನೆಯಿಂದ ಶುರು ಅಂದ್ಕೊಳ್ಳಿ. ಹಳೇ ಕನ್ನಡಕ ಗೀರು ಬಿದ್ದಿದೆ, ಚೆನ್ನಾಗಿ ಕಾಣಲ್ಲ ಅಂತ ನೆಪ ಹೇಳೋರು ಒಂದು ಸಾದಾ ಕನ್ನಡಕ ಮಾಡ್ಸಿ, ಹೇಗೂ ಬಿಸಾಕೋದೇ.

ಹೆಜ್ಜೆ 3: ಟೆಸ್ಟು, ಮತ್ತೆ ಒಂದು ಕೂಡೋ ಕಳೆಯೋ ಲೆಕ್ಕ

ಈ ದಿನ ಕಣ್ಣಿಗೆ ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕ್ತಾರೆ, ಕೆಲವು ಗಂಟೆ ಹತ್ತಿರದ್ದು ಏನೂ ಓದೋಕಾಗಲ್ಲ, ಬಿಸಿಲು ಕಣ್ಣಿಗೆ ಹೊಡಿಯತ್ತೆ. ಗಾಡಿ ಓಡಿಸ್ಕೊಂಡು ಹೋಗ್ಬೇಡಿ.

ಟೆಸ್ಟೆಲ್ಲ ಅವರೇ ಮಾಡ್ತಾರೆ, ನೀವು ಕೇಳಿ ಬರ್ಕೊಬೇಕಾದ್ದು ಒಂದು ನಂಬರ್, ಕಾರ್ನಿಯಾದ ದಪ್ಪ. ಬಹುಪಾಲು ಜನಕ್ಕೆ ಇದು 540 ಮೈಕ್ರಾನ್ ಆಚೀಚೆ, ಅಂದ್ರೆ ಅರ್ಧ ಮಿಲಿಮೀಟರ್ ಚಿಲ್ರೆ. ಲಾಸಿಕ್‌ನಲ್ಲಿ (ಲೇಸರಿನ ಒಂದು ವಿಧಾನ, ಹೆಜ್ಜೆ 4ರಲ್ಲಿ ಹೇಳ್ತೀನಿ) ಮುಚ್ಚಳದ ಥರ ಎತ್ತೋ ಮೇಲಿನ ಪದರಕ್ಕೆ, ಅಂದ್ರೆ ಫ್ಲ್ಯಾಪಿಗೆ, ಸುಮಾರು 110 ಹೋಗತ್ತೆ, ಆಮೇಲೆ ಒಂದೊಂದು ಪವರಿಗೂ ಹೆಚ್ಚುಕಮ್ಮಿ 14 ಮೈಕ್ರಾನ್ ಕೆತ್ತಬೇಕು. ಮೈನಸ್ ಐದು ಇದ್ರೆ 70, ಒಂದು ತಲೆಕೂದಲಿನ ದಪ್ಪ ಅಷ್ಟೇ. 540ರಲ್ಲಿ 110 ಮತ್ತೆ 70 ಕಳೆದ್ರೆ ತಳದಲ್ಲಿ 360 ಉಳೀತು, ಆರಾಮು. ಅದೇ 480 ದಪ್ಪ ಇದ್ದು ಮೈನಸ್ ಎಂಟು ಇರೋರ ಲೆಕ್ಕ ಹಾಕಿ: 110, 112, ಉಳಿದಿದ್ದು 258. ತಳದಲ್ಲಿ ಕನಿಷ್ಠ 250 ಇರ್ಲೇಬೇಕು ಅನ್ನೋದು ಹಳೇ ನಿಯಮ, ಹುಷಾರಿನ ಡಾಕ್ಟ್ರು 300 ಇರಲಿ ಅಂತಾರೆ. ತೀರಾ ತೆಳ್ಳಗಾದ್ರೆ ಕಣ್ಣೊಳಗಿನ ಒತ್ತಡಕ್ಕೆ ಕಾರ್ನಿಯಾ ನಿಧಾನಕ್ಕೆ ಮುಂದಕ್ಕೆ ಉಬ್ಬತ್ತೆ, ಎಕ್ಟೇಸಿಯಾ ಅಂತ, ಅದನ್ನ ಮೊದಲಿನ ಹಾಗೆ ಮಾಡೋಕೆ ಆಗಲ್ಲ. ಕೆರಟೋಕೋನಸ್ (ಕಾರ್ನಿಯಾ ತಾನಾಗೇ ತೆಳ್ಳಗಾಗಿ ಶಂಕುವಿನ ಥರ ಮುಂದೆ ಚಾಚೋ ಕಾಯಿಲೆ) ಇರೋರಿಗೆ, ಅದು ಶುರುವಾಗೋ ಸೂಚನೆ ಇರೋರಿಗೆ ಕೂಡ ಲೇಸರ್ ಬೇಡ ಅನ್ನೋದು ಇದೇ ಕಾರಣಕ್ಕೆ. ಮನೇಲಿ ಯಾರಿಗಾದ್ರೂ ಅದು ಇದ್ರೆ, ನೀವು ಸದಾ ಕಣ್ಣು ಉಜ್ಜೋ ಪೈಕಿ ಆಗಿದ್ರೆ, ಹೇಳಿ.

ಕಣ್ಣು ಒಣಗೋ ಟೆಸ್ಟೂ ಮಾಡ್ಸಿ. ಕೆಳರೆಪ್ಪೆಗೆ ಪುಟ್ಟ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡ್ತಾರೆ, 10 ಮಿಲಿಮೀಟರ್ ಮೇಲೆ ಒದ್ದೆಯಾದ್ರೆ ಸರಿ, 5 ಕೂಡ ಆಗ್ಲಿಲ್ಲ ಅಂದ್ರೆ ಮೊದ್ಲು ಅದಕ್ಕೆ ಔಷಧಿ, ಲೇಸರ್ ಆಮೇಲೆ. ಮೈನಸ್ ಪವರ್ ಜಾಸ್ತಿ ಇರೋರು ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ತೋರಿಸ್ಲೇಬೇಕು, ಆಪರೇಷನ್ ಆಗಿ ಕನ್ನಡಕ ಹೋದ್ಮೇಲೂ ತೋರಿಸ್ತಾ ಇರ್ಬೇಕು. ಕನ್ನಡಕ ಹೋದ್ರೂ ಒಳಗೆ ಉದ್ದವಾಗಿರೋ ಕಣ್ಣುಗುಡ್ಡೆ ಉದ್ದವಾಗೇ ಇರತ್ತೆ, ರೆಟಿನಾ ಹರಿಯೋ ಅಪಾಯ ಎಲ್ಲೂ ಹೋಗಿಲ್ಲ.

ಇಷ್ಟೆಲ್ಲ ಯಾಕೆ ರಗಳೆ, ಜೇನು ಹಾಕಿದ ಡ್ರಾಪ್ಸ್ ಬಿಟ್ರೆ ಪವರ್ ಇಳಿಯತ್ತಂತೆ, ತೂತು ತೂತು ಕನ್ನಡಕ ಹಾಕ್ಕೊಂಡು ಎಕ್ಸರ್ಸೈಜ್ ಮಾಡಿದ್ರೆ ಸಾಕಂತೆ ಅಂತ ಜಾಹೀರಾತು ಕಳಿಸೋರು ಇರ್ತಾರೆ. ಇಳಿಯಲ್ಲ. ಆ ತೂತಿನ ಕನ್ನಡಕದಲ್ಲಿ ಸ್ಪಷ್ಟ ಕಾಣೋದು ನಿಜ, ಹಾಕ್ಕೊಂಡಿರೋವರೆಗೆ ಮಾತ್ರ.

ಹೆಜ್ಜೆ 4: ಯಾವುದು?

ಲಾಸಿಕ್ ಅಂದ್ರೆ ಮುಚ್ಚಳದ ಥರ ಫ್ಲ್ಯಾಪ್ ಎತ್ತಿ ಕೆಳಗೆ ಕೆತ್ತಿ ಮತ್ತೆ ಮುಚ್ಚೋದು, ಮಾರನೇ ದಿನವೇ ಚೆನ್ನಾಗಿ ಕಾಣತ್ತೆ. ಸ್ಮೈಲ್ ಅಂದ್ರೆ ಫ್ಲ್ಯಾಪ್ ಇಲ್ಲದೆ, ಒಳಗೇ ಒಂದು ತೆಳು ಬಿಲ್ಲೆ ಬಿಡಿಸಿ ಪುಟ್ಟ ಸೀಳಿನಿಂದ ಹೊರಗೆ ಎಳೆಯೋದು, ಮುಖ್ಯವಾಗಿ ಮೈನಸ್ ಮತ್ತೆ ಸಿಲಿಂಡರ್ ಪವರಿಗೆ. ಪಿಆರ್‌ಕೆ ಎಲ್ಲಕ್ಕಿಂತ ಹಳೇದು, ಮೇಲಿನ ಚರ್ಮದಂಥ ಪದರ ಕೆರೆದು ನೇರ ಅಲ್ಲೇ ಕೆತ್ತೋದು, ಆ ಪದರ ಮತ್ತೆ ತಾನೇ ಬೆಳಕೊಳ್ಳತ್ತೆ.

ನಂದು ಪಿಆರ್‌ಕೆ. ದಪ್ಪ 490 ಇತ್ತು, ಪವರ್ ಆರು, ಫ್ಲ್ಯಾಪಿನ 110 ಉಳಿಸೋಣ ಅಂದ್ರು ಡಾಕ್ಟ್ರು. ನೋವು ಜಾಸ್ತಿ ಹೌದು, ಎರಡ್ನೇ ರಾತ್ರಿ ಫ್ರಿಜ್ ಬಾಗಿಲು ತೆಗೆದಾಗ ಬರೋ ಬೆಳಕು ಕೂಡ ಸೂಜಿ ಚುಚ್ಚಿದ ಹಾಗಿತ್ತು, ಪೂರ್ತಿ ಸ್ಪಷ್ಟ ಆಗೋಕೆ ವಾರಗಟ್ಲೆ ಹಿಡೀತು. ಆದ್ರೂ ಕುಸ್ತಿ, ಬಾಕ್ಸಿಂಗ್ ಅಂತ ಮುಖಕ್ಕೆ ಏಟು ಬೀಳೋ ಆಟ ಆಡೋರು ಲಾಸಿಕ್ ಕಡೆ ತಿರುಗಿ ನೋಡ್ಬೇಡಿ, ಆ ಫ್ಲ್ಯಾಪ್ ವರ್ಷಗಳಾದ್ರೂ ಮೊದಲಿನಷ್ಟು ಗಟ್ಟಿಯಾಗಿ ಕೂಡಲ್ಲ.

ಹೆಜ್ಜೆ 5: ಆ ದಿನ

ತಲೆಸ್ನಾನ ಮಾಡಿ, ಮೇಕಪ್ ಬೇಡ, ಕಾಡಿಗೆ ಹಿಂದಿನ ದಿನವೇ ಬಿಡಿ, ಸೆಂಟ್ ಹಾಕ್ಲೇಬೇಡಿ (ಅದರ ಆವಿ ಲೇಸರಿಗೆ ಅಡ್ಡ ಬರತ್ತೆ), ವಾಪಸ್ ಕರ್ಕೊಂಡು ಬರೋಕೆ ಒಬ್ರು ಇರಲಿ.

ಹೆಜ್ಜೆ 6: ಲೇಸರ್

ಮರಗಟ್ಟಿಸೋ ಡ್ರಾಪ್ಸ್ ಹಾಕಿ ರೆಪ್ಪೆಗೆ ಕ್ಲಿಪ್ ಇಡ್ತಾರೆ. ಲಾಸಿಕ್‌ನಲ್ಲಿ ಫ್ಲ್ಯಾಪ್ ಮಾಡೋವಾಗ ಕಣ್ಣನ್ನ ಹೀರಿ ಹಿಡಿಯತ್ತೆ, ಭಾರ ಅನ್ಸತ್ತೆ, ಕೆಲವು ಸೆಕೆಂಡ್ ಕತ್ತಲೆ ಆಗತ್ತೆ, ಹೆದರ್ಬೇಡಿ. ಆಮೇಲೆ ಟಿಕ್ ಟಿಕ್ ಸದ್ದು, ಕೂದಲು ಸುಟ್ಟ ಹಾಗೆ ಒಂದು ವಾಸನೆ. ಕಣ್ಣೇನೂ ಸುಡ್ತಿಲ್ಲ. 193 ನ್ಯಾನೋಮೀಟರಿನ ಈ ಎಕ್ಸೈಮರ್ ಲೇಸರ್ ಅಕ್ಕಪಕ್ಕ ಬಿಸಿ ಮಾಡ್ದೆ ಅಣುಗಳ ಕೊಂಡಿಯನ್ನೇ ಬಿಡಿಸತ್ತೆ. ಇದು ಗೊತ್ತಾಗಿದ್ದು 1981ರಲ್ಲಿ, ಐಬಿಎಂನ ರಂಗಸ್ವಾಮಿ ಶ್ರೀನಿವಾಸನ್ ಹಬ್ಬದೂಟದಲ್ಲಿ ಮಿಕ್ಕಿದ ಟರ್ಕಿ ಕೋಳಿ ತುಂಡನ್ನ ಲ್ಯಾಬಿಗೆ ತಂದು ಅದರ ಮೇಲೆ ಲೇಸರ್ ಬಿಟ್ಟಾಗ. ಸುತ್ತ ಒಂಚೂರೂ ಕರಕಲಾಗದೆ ನೀಟಾಗಿ ಕೊರೆದಿತ್ತು. ಅವರಾಗ್ಲಿ ಜೊತೆಗಿದ್ದ ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಆಗ್ಲಿ ಕಣ್ಣಿನ ಡಾಕ್ಟ್ರಲ್ಲ.

ಕಣ್ಣು ಅಲ್ಲಾಡಿದ್ರೆ ಏನ್ ಗತಿ ಅಂತ ಎಲ್ರೂ ಕೇಳ್ತಾರೆ. ಸ್ವಲ್ಪ ಅಲ್ಲಾಡಿದ್ರೆ ಮಷೀನೇ ಹಿಂಬಾಲಿಸತ್ತೆ, ಜಾಸ್ತಿ ಆದ್ರೆ ತಾನೇ ನಿಲ್ಲತ್ತೆ.

ಹೆಜ್ಜೆ 7: ಮೊದಲ್ನೇ ವಾರ

ಮನೆಗೆ ಬಂದವರೇ ಮಲಗಿ. ಲಾಸಿಕ್ ಆದ್ರೆ ನಾಲ್ಕೈದು ಗಂಟೆ ಉರಿ, ನೀರು, ಮರಳು ಬಿದ್ದ ಹಾಗೆ ಇರತ್ತೆ, ನಿದ್ದೆ ಮಾಡಿ ಎದ್ರೆ ಅರ್ಧ ಹೋಗಿರತ್ತೆ. ರಾತ್ರಿ ಪ್ಲಾಸ್ಟಿಕ್ ಶೀಲ್ಡ್ ಕಟ್ಕೊಳ್ಲೇಬೇಕು, ಎಚ್ಚರ ಇರೋವಾಗ ಕೈ ಹಿಡ್ಕೋಬಹುದು, ನಿದ್ದೇಲಿ ಕಣ್ಣು ಉಜ್ಜೋ ಕೈ ನಿಮ್ಮ ಮಾತು ಕೇಳಲ್ಲ. ಉಜ್ಜಿದ್ರೆ ಫ್ಲ್ಯಾಪ್ ಜರುಗತ್ತೆ, ಮತ್ತೆ ಓಡ್ಬೇಕು ಆಪರೇಷನ್ ಥಿಯೇಟರಿಗೆ.

ಈಗ ಡ್ರಾಪ್ಸ್. ನಾನು ನೋಡಿದ ಐದು ಜನರಲ್ಲಿ ನಾಲ್ಕು ಜನಕ್ಕೆ ಡ್ರಾಪ್ಸ್ ಹಾಕೋಕೆ ಬರಲ್ಲ! ನನ್ನ ತಮ್ಮ ಮೇಲಿಂದ ಕಣ್ಣಿನ ನಡುಗುಡ್ಡೆಗೇ ಗುರಿಯಿಟ್ಟು ಹಿಂಡೋನು, ಕಣ್ಣು ತಾನಾಗೇ ಮುಚ್ಕೊಳ್ಳೋದು, ಕೆನ್ನೆ ಮೇಲೆ ಇಳಿಯೋದು, ಇನ್ನೊಂದು ಹನಿ, ಮತ್ತೊಂದು. 5 ಎಂಎಲ್ ಬಾಟ್ಲಲ್ಲಿ ಸುಮಾರು ನೂರು ಹನಿ ಇರತ್ತೆ, ಹನ್ನೆರಡು ದಿನ ಬರಬೇಕಾದ್ದು ಐದು ದಿನಕ್ಕೆ ಖಾಲಿ, ಕಣ್ಣೊಳಗೆ ಎಷ್ಟು ಹೋಯ್ತೋ ದೇವರಿಗೇ ಗೊತ್ತು.

ಸರಿಯಾದ ಕ್ರಮ ಇದು. ಸೋಪ್ ಹಾಕಿ ಕೈ ತೊಳೆದು ಒರೆಸ್ಕೊಳ್ಳಿ. ಬಿಳೀ ಹಾಲಿನ ಥರ ಇರೋ ಸ್ಟೆರಾಯ್ಡ್ ಡ್ರಾಪ್ಸ್ ಆದ್ರೆ ಚೆನ್ನಾಗಿ ಕುಲುಕಿ, ಔಷಧಿ ತಳದಲ್ಲಿ ಕೂತಿರತ್ತೆ. ತಲೆ ಹಿಂದಕ್ಕೆ ಮಾಡಿ ಚಾವಣಿ ನೋಡಿ. ಒಂದು ಬೆರಳಲ್ಲಿ ಕೆಳರೆಪ್ಪೆ ಕೆಳಗಿನ ಕೆನ್ನೆ ಚರ್ಮವನ್ನ ಮೆಲ್ಲಗೆ ಕೆಳಗೆ ಎಳೆದ್ರೆ ಅಲ್ಲೊಂದು ಪುಟ್ಟ ಜೇಬು ಆಗತ್ತೆ, ಹನಿ ಬೀಳ್ಬೇಕಾದ್ದು ಆ ಜೇಬಿಗೆ, ಗುಡ್ಡೆ ಮೇಲಲ್ಲ. ಮೇಲಿನ ರೆಪ್ಪೆ ಮುಟ್ಟೋ ಕೆಲಸವೇ ಇಲ್ಲ. ಬಾಟ್ಲಿ ತುದಿ ರೆಪ್ಪೆಕೂದಲಿಗೂ ತಾಗ್ಬಾರ್ದು. ಒಂದೇ ಹನಿ, ಎರಡ್ನೇದು ಹಿಡಿಯೋಕೆ ಅಲ್ಲಿ ಜಾಗವೇ ಇಲ್ಲ, ಹೊರಗೇ ಚೆಲ್ಲತ್ತೆ. ಹಾಕಿದ್ಮೇಲೆ ಪಟಪಟ ರೆಪ್ಪೆ ಬಡೀದೆ, ಬಿಗಿಯಾಗಿ ಹಿಂಡದೆ, ನಿದ್ದೆ ಬಂದ ಹಾಗೆ ಒಂದು ನಿಮಿಷ ಮುಚ್ಕೊಂಡಿರಿ. ಇಳಿದಿದ್ದನ್ನ ಟಿಶ್ಯೂಲಿ ಕೆನ್ನೆ ಮೇಲೆ ಮಾತ್ರ ಒತ್ತಿ. ಇನ್ನೊಂದು ಔಷಧಿಗೆ ಐದು ನಿಮಿಷ ಬಿಡಿ, ಇಲ್ಲಾಂದ್ರೆ ಎರಡ್ನೇದು ಮೊದಲ್ನೇದನ್ನ ತೊಳೆದು ಹಾಕತ್ತೆ. ಫೋನಲ್ಲಿ ಅಲಾರಂ ಇಟ್ಕೊಳ್ಳಿ, ನೆನಪಿರತ್ತೆ ಅಂತ ಜಂಬ ಬೇಡ.

ಕಣ್ಣೀರಿನ ಡ್ರಾಪ್ಸ್ ಪ್ರಿಸರ್ವೇಟಿವ್ ಇಲ್ಲದ್ದು ತಗೊಳ್ಳಿ, ಒಂದೊಂದು ಸಲಕ್ಕೆ ಮುರಿದು ಹಾಕೋ ಪುಟ್ಟ ಪ್ಲಾಸ್ಟಿಕ್ ಕೊಳವೆ ಬರತ್ತಲ್ಲ ಅದು. ದೊಡ್ಡ ಬಾಟ್ಲಲ್ಲಿರೋ ಬೆನ್ಜಾಲ್ಕೋನಿಯಂ ಕ್ಲೋರೈಡ್ ಅನ್ನೋ ಪ್ರಿಸರ್ವೇಟಿವನ್ನ ದಿನಕ್ಕೆ ಏಳೆಂಟು ಸಲ ಹಾಕಿದ್ರೆ ಅದೇ ಕಣ್ಣನ್ನ ಕೆರಳಿಸತ್ತೆ. ಕೆಂಪು ಹೋಗಿಸೋ ಡ್ರಾಪ್ಸ್ ಅಂತೂ ಮನೇಲೇ ಇಡ್ಬೇಡಿ, ರಕ್ತನಾಳ ಬಿಗಿಸಿ ಎರಡು ಗಂಟೆ ಬಿಳಿ ತೋರಿಸತ್ತೆ, ಬಿಟ್ರೆ ಮತ್ತೆ ಇನ್ನೂ ಕೆಂಪು. ಪಿಆರ್‌ಕೆ ಮಾಡ್ಸಿದೋರು ನೋವು ತಡೀಲಾರ್ದೆ ಮರಗಟ್ಟಿಸೋ ಡ್ರಾಪ್ಸನ್ನ ಅಂಗಡೀಲಿ ಕೇಳಿ ತರೋ ಶಾರ್ಟ್‌ಕಟ್ ಎಲ್ಲಕ್ಕಿಂತ ಕೆಟ್ಟದ್ದು, ಗಾಯ ಮಾಯೋಕೆ ಬಿಡಲ್ಲ, ಕಾರ್ನಿಯಾನೇ ಕರಗಿಸಿಬಿಡಬಹುದು. ಗಾಯ ಮಾಯೋವರೆಗೆ ಕಣ್ಣ ಮೇಲೆ ಇಟ್ಟಿರೋ ಬ್ಯಾಂಡೇಜ್ ಲೆನ್ಸ್ ಬಿದ್ದೋದ್ರೆ ತೊಳೆದು ಹಾಕೋ ಸಾಹಸ ಬೇಡ, ಫೋನ್ ಮಾಡಿ.

ನೋವು ಇಳಿಯೋ ಬದ್ಲು ಏರ್ತಾ ಹೋದ್ರೆ, ನಿನ್ನೆ ಕಂಡಿದ್ದು ಇವತ್ತು ಮಂಜಾದ್ರೆ, ಕೀವಿನ ಥರ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ.

ಹೆಜ್ಜೆ 8: ಆಮೇಲಿನ ತಿಂಗಳುಗಳು

ಈಜು ಒಂದು ತಿಂಗಳು ಬೇಡ. ರಾತ್ರಿ ಲೈಟಿನ ಸುತ್ತ ಬಳೆ ಕಾಣೋದು, ಕಣ್ಣು ಒಣಗೋದು ಮೂರರಿಂದ ಆರು ತಿಂಗಳು ಇರಬಹುದು, ಕೆಲವರಿಗೆ ಅದಕ್ಕೂ ಜಾಸ್ತಿ, ಕಾರ್ನಿಯಾದ ಸಣ್ಣ ನರಗಳು ಮತ್ತೆ ಬೆಳೀಬೇಕಲ್ಲ. ಡಾಕ್ಟ್ರು ಹೇಳಿದ ದಿನ ಮುಗಿದ್ಮೇಲೂ ಚೆನ್ನಾಗಿದೆ ಅಂತ ಸ್ಟೆರಾಯ್ಡ್ ಡ್ರಾಪ್ಸ್ ಮುಂದುವರಿಸ್ಬೇಡಿ, ಕಣ್ಣಿನ ಒತ್ತಡ ಏರತ್ತೆ. ಅಷ್ಟೇ ಅಲ್ಲ, ತೆಳ್ಳಗಾದ ಕಾರ್ನಿಯಾ ಮೇಲೆ ಆ ಒತ್ತಡ ಅಳೆದ್ರೆ ನಿಜಕ್ಕಿಂತ ಕಡಿಮೆ ತೋರಿಸತ್ತೆ, ಹಾಗಾಗಿ ಮುಂದೆ ಯಾವ ಕಣ್ಣಿನ ಡಾಕ್ಟ್ರ ಹತ್ರ ಹೋದ್ರೂ ಲೇಸರ್ ಆಗಿದೆ ಅಂತ ಮೊದ್ಲೇ ಹೇಳಿ.

ಮತ್ತೆ ಆಪರೇಷನ್ನಿಗೆ ಮುಂಚಿನ ಆ ಫೈಲು, ಕಾರ್ನಿಯಾ ನಕ್ಷೆ, ದಪ್ಪ, ಪವರ್ ಎಲ್ಲ ಇರೋದು, ಅದನ್ನ ಕೇಳಿ ತಗೊಂಡು ಭದ್ರವಾಗಿಡಿ. ಅರವತ್ತಕ್ಕೋ ಎಪ್ಪತ್ತಕ್ಕೋ ಪೊರೆ ಆಪರೇಷನ್ ಆಗೋವಾಗ ಒಳಗೆ ಯಾವ ನಂಬರಿನ ಲೆನ್ಸ್ ಇಡ್ಬೇಕು ಅನ್ನೋ ಲೆಕ್ಕ ಲೇಸರ್ ಆದ ಕಣ್ಣಲ್ಲಿ ತಪ್ಪೋ ಸಾಧ್ಯತೆ ಜಾಸ್ತಿ, ಆಗ ಈ ಹಳೇ ಅಂಕಿಗಳು ಕೆಲಸಕ್ಕೆ ಬರತ್ವೆ. ತಮ್ಮನ ಫೈಲನ್ನೂ ನನ್ನ ಬೀರುವಿನಲ್ಲೇ ಇಟ್ಕೊಂಡಿದ್ದೀನಿ.