ಸತ್ತಿದೆ ಅಂದ ಡ್ರೈವ್‌ನಲ್ಲೇ ಡಿವಿಡಿ ಸರಾಗವಾಗಿ ಓಡಿತು

ನನ್ನ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಈಗ ಡಿವಿಡಿ ಒಂದು ಚೂರೂ ತಡೆಯದೆ ಓಡುತ್ತಿದೆ. ಡ್ರೈವ್ ಅದೇ ಹಳೇದು. "ಲೆನ್ಸ್ ಹೋಗಿದೆ, ಕಿತ್ತು ಬಿಸಾಕು" ಅಂದವರೆಲ್ಲ ಬಂದು ನೋಡಬಹುದು!

ಸಿನಿಮಾ ಹಾಕಿದರೆ ಚಿತ್ರ ನಿಂತು ನಿಂತು ಬರುತ್ತಿತ್ತು, ದನಿ ಕರಕರ ಅನ್ನುತ್ತಿತ್ತು. ಮೌಸಿನ ಬಾಣ ಕೂಡ ಜಿಗಿದು ಜಿಗಿದು ಹೋಗುತ್ತಿತ್ತು. ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ. ಲೆನ್ಸ್ ಕೆಟ್ಟರೆ ಡಿಸ್ಕ್ ಓದೋದಿಲ್ಲ ಸರಿ, ಮೌಸ್ ಯಾಕೆ ಒದ್ದಾಡಬೇಕು?

ದುಡ್ಡು ಮಾತ್ರ ಚೆನ್ನಾಗೇ ಹೋಯಿತು. ಲೆನ್ಸ್ ಕ್ಲೀನ್ ಮಾಡುವ ಡಿಸ್ಕ್ ತಂದೆ, ಉಪಯೋಗ ಇಲ್ಲ. ದುಡ್ಡು ಕೊಟ್ಟು ಬೇರೆ ಪ್ಲೇಯರ್ ಸಾಫ್ಟ್‌ವೇರ್ ಹಾಕಿದೆ, ಅದೇ ರಾಗ. ರ‍್ಯಾಮ್ ಹೆಚ್ಚಿಸಿದೆ. ಬ್ರೌಸರ್ ಚುರುಕಾಯಿತು, ಡಿವಿಡಿ ಮಾತ್ರ ಹಾಗೇ. ಇಷ್ಟರಲ್ಲಿ ಹೊಸ ಡ್ರೈವ್ ಕೊಂಡು ಚಿಲ್ಲರೆ ಉಳಿಸಬಹುದಿತ್ತು.

ಆಮೇಲೆ ಮನೆಯವರೇ ಕ್ಯಾಮೆರಾದಲ್ಲಿ ತೆಗೆದ ವಿಡಿಯೋದ ಡಿಸ್ಕ್ ಹಾಕಿ, ಸುಮಾರು 1 ಜಿಬಿಯ ವಿಓಬಿ (ಡಿವಿಡಿಯಲ್ಲಿ ವಿಡಿಯೋ ಇರುವ) ಫೈಲನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದೆ. ಏಳೆಂಟು ನಿಮಿಷ ಹಿಡಿಯಿತು. ಆದರೆ ಕಾಪಿ ಆದ ಫೈಲ್ ನೀರು ಹರಿದಂತೆ ಓಡಿತು. ಅಂದ್ರೆ ವಿಡಿಯೋ ಬಿಚ್ಚಿ ತೋರಿಸುವ ಕೋಡೆಕ್ ಸರಿ, ಗ್ರಾಫಿಕ್ಸ್ ಸರಿ. ಇನ್ನೊಂದು ಸಲ ಕಾಪಿಗೆ ಹಾಕಿ, ಟಾಸ್ಕ್ ಮ್ಯಾನೇಜರಿನಲ್ಲಿ ಕರ್ನಲ್ ಟೈಮ್ಸ್ (ವಿಂಡೋಸಿನ ಒಳಕೆಲಸಕ್ಕೆ ಪ್ರೊಸೆಸರ್ ಎಷ್ಟು ಹೋಗುತ್ತಿದೆ ಅಂತ ತೋರಿಸುವುದು) ಆನ್ ಮಾಡಿದೆ. ಕೆಂಪು ಗೆರೆ ಶೇ. 90ರ ಹತ್ತಿರ!

ಕಳ್ಳ ಅಲ್ಲೇ ಸಿಕ್ಕಿದ. ಡಿವೈಸ್ ಮ್ಯಾನೇಜರಿನಲ್ಲಿ ಸೆಕೆಂಡರಿ ಐಡಿಇ ಚಾನೆಲ್, ಅಂದ್ರೆ ಡಿವಿಡಿ ಡ್ರೈವ್ ಸಿಕ್ಕಿಸಿದ ದಾರಿ, ತೆರೆದು ನೋಡಿದೆ. ಮೇಲೆ 'ಡಿಎಂಎ ಇಫ್ ಅವೈಲಬಲ್' (ಡಿಎಂಎ ಅಂದ್ರೆ ಮಾಹಿತಿ ಪ್ರೊಸೆಸರಿಗೆ ಹೊರೆಯಾಗದೆ ನೇರ ಮೆಮೊರಿಗೆ ಹೋಗುವ ವಿಧಾನ) ಅಂತಲೇ ಇತ್ತು, ಕೆಳಗೆ ನಡೆಯುತ್ತಿದ್ದದ್ದು ನಿಧಾನದ ಹಳೇ ವಿಧಾನ ಪಿಐಒ. ಟೈಮ್‌ಔಟ್ (ಹೊತ್ತಿಗೆ ಉತ್ತರ ಬರದಿರುವುದು), ಸಿಆರ್‌ಸಿ (ಮಾಹಿತಿ ಕೆಟ್ಟು ಬರುವುದು) ತಪ್ಪುಗಳು ಆರು ಆದವು ಅಂದ್ರೆ ಎಕ್ಸ್‌ಪಿ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಕೊನೆಗೆ ಪಿಐಒಗೆ ತಳ್ಳುತ್ತದೆ. ಗೀಚು ಬಿದ್ದ ಒಂದು ಡಿಸ್ಕ್ ಸಾಕು ಇಷ್ಟಕ್ಕೆ. ರೀಸ್ಟಾರ್ಟ್ ಮಾಡಿದರೂ ಅದು ಮೇಲೆ ಬರಲ್ಲ. ಪಿಐಒದಲ್ಲಿ ಪ್ರತಿ ಬೈಟನ್ನೂ ಪ್ರೊಸೆಸರೇ ಹೊರಬೇಕು, ಅದಕ್ಕೇ ಮೌಸಿಗೂ ಉಸಿರಾಡಲು ಬಿಡುವಿರಲಿಲ್ಲ.

ಆ ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ವಿಂಡೋಸ್ ತಾನೇ ಮತ್ತೆ ಹುಡುಕಿಕೊಂಡಿತು, ಅಲ್ಟ್ರಾ ಡಿಎಂಎ ಮೋಡ್ 2 ಬಂತು. ಅದೇ ಫೈಲ್ ಎರಡು ನಿಮಿಷದ ಆಸುಪಾಸಿನಲ್ಲಿ ಕಾಪಿ. ಒಂದು ಪೈಸೆ ಖರ್ಚಿಲ್ಲ.

ಕೆಲವು ವಾರ ಬಿಟ್ಟು ಮತ್ತೆ ಪಿಐಒಗೆ ಬಿತ್ತು. ಈ ಸಲ ಮಡಚಿ ಮಡಚಿ ಸವೆದ, ಡ್ರೈವಿನ 40 ತಂತಿಯ ಕೇಬಲ್ ಮೇಲೆ ಅನುಮಾನ ಬಂತು. ಹಳೇ ಮದರ್‌ಬೋರ್ಡ್ ಜೊತೆ ಬಂದಿದ್ದ 80 ತಂತಿಯದು ಹಾಕಿ, ಚಾನೆಲ್ ಮತ್ತೆ ಅನ್‌ಇನ್‌ಸ್ಟಾಲ್ ಮಾಡಿದೆ. ಆಮೇಲೆ ತಂಟೆ ಇಲ್ಲ.

ಹಾಗೇ ಇನ್ನೊಂದು ಪ್ರಯೋಗವೂ ಮಾಡಿದೆ. ಗೀಚಿದ ಡಿಸ್ಕಿಗೆ ಡ್ರೈವ್ ವೇಗವನ್ನು 2ಎಕ್ಸ್‌ಗೆ, ಅಂದ್ರೆ ಡಿವಿಡಿಯ ಮೂಲ ವೇಗದ ಎರಡರಷ್ಟಕ್ಕೆ, ಇಳಿಸಿದರೆ ಜಾಸ್ತಿ ಓದುತ್ತದೆ. ಡಿವಿಡಿ ಸಿನಿಮಾಗೆ ಸೆಕೆಂಡಿಗೆ ಹೆಚ್ಚೆಂದರೆ 10 ಮೆಗಾಬಿಟ್ ಬೇಕು, 1ಎಕ್ಸ್ ವೇಗವೇ 11 ಮೆಗಾಬಿಟ್‌ನಷ್ಟು ಕೊಡುತ್ತದೆ. ತೀರಾ ಹಾಳಾದ ಡಿಸ್ಕಿಗೆ ನನ್ನದೊಂದು ಉಪಾಯ ಬೇರೆ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ಮಾತು. ಎರಡು ಪದರದ, ಅಂದ್ರೆ 8.5 ಜಿಬಿ ಡಿಸ್ಕಿನಲ್ಲಿ ಸಿನಿಮಾ ಮಧ್ಯೆ ಒಂದೇ ಕಡೆ ಅರೆಕ್ಷಣ ನಿಂತರೆ ಅದು ಪದರ ಬದಲಾಗುವ ಜಾಗ. ಅದಕ್ಕೆ ಸುಮ್ನೆ ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಲು ಹೋಗಬೇಡಿ.